ದೊರೆಯ ಬಾಟ್ಲಿಯಲ್ಲಿ ಐದು ತೀರ್ಥ

ಸಿಂಹಳಕ್ಕೆ ಹೋಗಿ ಬಂದವಳು ಎಂದು ಗೊತ್ತಾದರೆ ಸಾಕು, ಸಮುದ್ರ ಹೇಗಿತ್ತು, ಹಡಗಿನಲ್ಲಿ ವಾಂತಿಯಾಯಿತೇ, ಅಲ್ಲಿಯವರು ಏನು ತಿನ್ನುತ್ತಾರೆ ಎಂದು ಜನ ಸುತ್ತ ಕೂರುತ್ತಾರೆ. ನಾನು ನೆಟ್ಟಗೆ ಏನನ್ನೂ ನೋಡಲಿಲ್ಲ. ಸಮುದ್ರ ಸಿಗುವವರೆಗೆ ನನ್ನ ಕಣ್ಣು ಮಡಿಲಲ್ಲಿದ್ದ ಬೆತ್ತದ ಬುಟ್ಟಿಯ ಮೇಲಿತ್ತು. ಸಮುದ್ರ ಸಿಕ್ಕ ಮೇಲೆ ಅದನ್ನು ನೋಡುವ ಮನಸ್ಸಿರಲಿಲ್ಲ. ಆದರೂ ಕೇಳುವವರ ಬಾಯಿಗೆ ಉತ್ತರ ಕೊಟ್ಟು ಸಾಕಾಗಿದೆ, ಒಮ್ಮೆ ಬರೆದುಬಿಡುವುದೇ ಮೇಲು.

ನಾನು ಊರು ನೋಡಲು ಹೊರಟವಳಲ್ಲ. ನಮ್ಮ ಒಬ್ಬಳೇ ಮಗಳು ಸೀತೆಯನ್ನು ಕ್ಯಾಂಡಿಯ ಹತ್ತಿರದ ಟೀ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಹುಡುಗನಿಗೆ ಕೊಟ್ಟಿದ್ದೆವು. ಅವಳಿಗೆ ಎರಡು ಬಸಿರು ನಿಂತಿರಲಿಲ್ಲ. ಮೂರನೆಯದು ನಿಂತು ತಿಂಗಳು ತುಂಬುತ್ತಿತ್ತು. ಪ್ರಯಾಣ ಮಾಡಿದರೆ ಇದೂ ಉಳಿಯುವುದಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದ್ದಾರೆಂದು ಅಳಿಯ ಬರೆದಿದ್ದ. ಹೆರಿಗೆಗೆ ಮಗಳು ತವರಿಗೆ ಬರುವುದು ಲೋಕದ ಪದ್ಧತಿ. ನಮ್ಮ ಪಾಲಿಗೆ ತವರೇ ಎದ್ದು ಮಗಳ ಹತ್ತಿರ ಹೋಗಬೇಕಾಯಿತು. ನೋವು ಕಾಣಿಸುವುದರೊಳಗೆ ನಾನು ಅವಳ ತಲೆಯ ಬಳಿ ಇರಬೇಕು ಎನ್ನುವುದೊಂದೇ ನನ್ನ ಹಟ.

ಯಜಮಾನರಿಗೆ ಕಾಫಿ ಕುಯ್ಲಿನ ಕಾಲ. “ಹೆರಿಗೆ ನಾಲ್ಕು ದಿನ ಹಿಂದೆ ಮುಂದೆ ಆಗ್ಬೋದು. ಹಣ್ಣು ಕಾಯಲ್ಲ ಕಣೇ” ಎಂದು ಹೇಳಿ, ತಮ್ಮ ತಮ್ಮನನ್ನು ನನ್ನ ಜೊತೆ ಮಾಡಿದರು. ಈ ಮೈದುನ ಮಂಜಪ್ಪ ನಮ್ಮ ಕಡೆಯ ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ರೈಟರ್. ಸೇಲಂ ಕಡೆಯ ಆಳುಗಳ ಜೊತೆ ವರ್ಷಗಟ್ಟಲೆ ಇದ್ದವನಾದ್ದರಿಂದ ತಮಿಳು ನೀರು ಕುಡಿದ ಹಾಗೆ ಬರುತ್ತದೆಂದು ಅವನೇ ಹೇಳಿಕೊಂಡಿದ್ದ. ಅವನಿಗೆ ಬರುತ್ತಿದ್ದ ತಮಿಳು ಎಂಥದೆಂದು ನಮಗೆ ತಿಳಿದದ್ದು ಬಹಳ ತಡವಾಗಿ.

ಕಳಸ

ಹೊರಡುವ ಬೆಳಿಗ್ಗೆ ಕಳಸದ ದೇವಸ್ಥಾನಕ್ಕೆ ಹೋದೆ. ಭಟ್ಟರು ಅರ್ಚನೆ ಮಾಡಿ, ಬಾಟ್ಲಿಯಲ್ಲಿ ತೀರ್ಥ ತುಂಬಿ, ಕೊಡುವ ಮೊದಲು ಕೈ ಹಿಂದೆ ಎಳೆದುಕೊಂಡರು.

“ಅಮ್ಮಾ, ನೀವು ಸಮುದ್ರ ದಾಟಬಹುದು. ಈಗ ಅದನ್ನ ಯಾರೂ ಕೇಳಲ್ಲ. ತೀರ್ಥ ದಾಟಬಹುದೋ ಅನ್ನೋದು ನಂಗೆ ಅನುಮಾನ.”

“ದಾಟಿದ್ರೆ ಏನಾಗುತ್ತೆ ಭಟ್ರೆ?”

“ಬರೀ ನೀರಾಗಿಬಿಡುತ್ತೆ.”

ನನ್ನ ಮುಖ ನೋಡಿ ಅವರಿಗೆ ಕನಿಕರವಾಗಿರಬೇಕು. ಕಂಬಕ್ಕೆ ಒರಗಿ ಯೋಚಿಸಿ ಒಂದು ದಾರಿ ಹುಡುಕಿದರು. ಬಾಟ್ಲಿಯನ್ನು ಎಲ್ಲಿಯೂ ನೆಲಕ್ಕೆ ತಾಗಿಸದೆ ಒಯ್ದರೆ, ತಾನು ಕಳಸ ಬಿಟ್ಟದ್ದೇ ತೀರ್ಥಕ್ಕೆ ತಿಳಿಯುವುದಿಲ್ಲ. ಕ್ಯಾಂಡಿಯಲ್ಲಿ ಮುಚ್ಚಳ ತೆಗೆದಾಗಲೂ ಅದು ಕಳಸದಲ್ಲೇ ಇರುತ್ತದೆ. ನೋವು ಶುರುವಾದಾಗ ಮೂರು ಉದ್ಧರಣೆ ಕುಡಿಸಿ ಎಂದರು.

ಬಾಟ್ಲಿಯ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಆಗ ಬಾಟ್ಲಿ ಎಂದರೆ ದೊರೆಯ ಬಾಟ್ಲಿ. ಬಂಗಲೆಯಲ್ಲಿ ದೊರೆ ಕುಡಿದು ಖಾಲಿ ಮಾಡಿದ್ದನ್ನು ಬಟ್ಲರ್ ತೊಳೆದು ಊರಿಗೆಲ್ಲ ಮಾರುತ್ತಿದ್ದ. ಚೌಕ ಮೈ, ಗಿಡ್ಡ ಕುತ್ತಿಗೆ. ಸೀಮೆಎಣ್ಣೆ, ಜೇನುತುಪ್ಪ, ಹರಳೆಣ್ಣೆ, ದೇವರ ತೀರ್ಥ ಎಲ್ಲವೂ ಅದರಲ್ಲೇ. ದೊರೆ ಒಂದೇ ಜಾತಿಯ ವಿಸ್ಕಿ ಕುಡಿಯುತ್ತಿದ್ದುದರಿಂದ ಕಳಸದಿಂದ ಚಿಕ್ಕಮಗಳೂರಿನ ತನಕ ಯಾರ ಮನೆಗೆ ಹೋದರೂ ಅದೇ ಬಾಟ್ಲಿ.

ಬಸ್ಸಿನ ಹತ್ತಿರ ಸಂಸೆಯ ಪದ್ಮಾವತಮ್ಮನವರು ಕಾಯುತ್ತಿದ್ದರು. ಜೈನರು, ನಮ್ಮ ತೋಟದ ಪಕ್ಕದ ತೋಟದವರು. ಬಸದಿಯಲ್ಲಿ ಜಿನಬಿಂಬಕ್ಕೆ ಅಭಿಷೇಕ ಮಾಡಿದ ಗಂಧೋದಕ ತಂದಿದ್ದರು, ಅದೇ ಬಾಟ್ಲಿಯಲ್ಲಿ.

“ಇದು ಕುಡಿಯೋದಲ್ಲ, ನೆತ್ತಿಗೆ ಹಚ್ಚೋದು. ಸೀತೆ ನಮ್ಮನೆ ಮಗಳಿದ್ದ ಹಾಗೆ ಅಂತ ತಂದೆ” ಎಂದು ನನ್ನ ಕೈಗಿಟ್ಟವರು ಮೂಗು ಅರಳಿಸಿದರು. “ಮಂಜಪ್ಪನೋರ ಚೀಲದಲ್ಲಿ ಎಂತ ಇದೆ?”

ಅದರಲ್ಲಿ ಒಣಸಿಗಡಿ ಚಟ್ನಿಪುಡಿ ಇತ್ತು. ಬಸುರಿ ಬಾಯಿಬಿಟ್ಟು ಕೇಳಿ ಬರೆಸಿದ್ದಳು, ಬಿಟ್ಟು ಹೋಗುವ ಹಾಗಿಲ್ಲ. ಅದು ಗಂಧೋದಕದ ಹತ್ತಿರ ಬರಕೂಡದೆಂದು ಪದ್ಮಾವತಮ್ಮನವರು ನನ್ನಿಂದ ಮಾತು ತೆಗೆದುಕೊಂಡರು. ಹೀಗಾಗಿ ಕಳಸದಿಂದಲೇ ನಾನು ಬಸ್ಸಿನ ಮುಂದಿನ ಸೀಟಿನಲ್ಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಮಂಜಪ್ಪ ಕಟ್ಟಕಡೆಯ ಸೀಟಿನಲ್ಲಿ ಸಿಗಡಿಯನ್ನು ಮಡಿಲಲ್ಲಿಟ್ಟುಕೊಂಡು ವಿದೇಶ ಪ್ರಯಾಣ ಹೊರಟೆವು. ನನಗೆ ಏನಾದರೂ ಬೇಕಾದರೆ ನಡುವಿನ ಪ್ರಯಾಣಿಕರು ಒಬ್ಬರಿಗೊಬ್ಬರು ಹೇಳಿ ಅವನಿಗೆ ಮುಟ್ಟಿಸುತ್ತಿದ್ದರು.

ಬಣಕಲ್

ಬಣಕಲ್ಲಿನಲ್ಲಿ ಬಸ್ಸು ಹಂಡೆಯಂತೆ ಕುದಿದು ನಿಂತಿತು. ನಾನು ಕಾಲು ಸಡಿಲಿಸಲು ಇಳಿದೆ. ಬುಟ್ಟಿಯನ್ನು ನೆಲಕ್ಕಿಡುವಂತಿಲ್ಲ, ಬಸ್ಸಿನ ಕೊಕ್ಕೆಗೆ ನೇತುಹಾಕಿದ್ದೆ. ತಿರುಗಿ ನೋಡುತ್ತೇನೆ, ಡ್ರೈವರ್ ನನ್ನ ಬಾಟ್ಲಿಯೊಂದನ್ನು ಹಲ್ಲಲ್ಲಿ ಕಚ್ಚಿ ಬಿರಟೆ ತೆಗೆಯುತ್ತಿದ್ದಾನೆ, ಇಂಜಿನ್ನಿಗೆ ಹೊಯ್ಯಲಿಕ್ಕೆ.

“ಅದು ದೇವರ ತೀರ್ಥ ಕಣೋ” ಎಂದು ಅವನ ರಟ್ಟೆ ಹಿಡಿದೆ.

“ನೀರಲ್ವಾ ಅಮ್ಮ?”

“ನೀರೇ. ಆದ್ರೆ ನಿನ್ನ ಬಸ್ಸು ಬಸುರಿಯಲ್ಲ.”

ಈ ಗಲಾಟೆಗೆ ಇಗರ್ಜಿಯ ಪಾದ್ರಿಗಳು ಹೊರಗೆ ಬಂದರು. ಕೊಂಕಣಿ ಎಳೆಯುವ ಕನ್ನಡ, ಸಾವಧಾನದ ಮನುಷ್ಯರು. ನನ್ನ ಕಥೆ ಪೂರ್ತಿ ಕೇಳಿ, ಒಳಗೆ ಹೋಗಿ ಪವಿತ್ರ ಜಲ ತಂದರು. ಬಾಟ್ಲಿಯನ್ನು ಮೂಸಿ, “ಇದರಲ್ಲಿ ದೊರೆ ಇನ್ನೂ ಸ್ವಲ್ಪ ಉಳಿದಿದ್ದಾರೆ” ಎಂದು ನಕ್ಕು, ಮಂಚದ ನಾಲ್ಕು ಕಾಲಿಗೆ ಚಿಮುಕಿಸಬೇಕು, ಬಾಟ್ಲಿಯನ್ನು ಅಡ್ಡ ಮಲಗಿಸಬಾರದು ಎಂದು ಹೇಳಿಕೊಟ್ಟರು. ನನ್ನ ಮಗಳ ಹೆಸರು ಕೇಳಿ ಪ್ರಾರ್ಥನೆಯನ್ನೂ ಮಾಡಿದರು. ನನಗೆ ಭಾಷೆ ತಿಳಿಯಲಿಲ್ಲ, ಸೀತೆಯ ಹೆಸರು ಬಂದಲ್ಲೆಲ್ಲ ಕೈ ಮುಗಿದೆ.

ಡ್ರೈವರಿಗೂ ಆಸೆ ಹುಟ್ಟಿತು. ಬಸ್ಸಿಗೂ ಒಂದು ಆಶೀರ್ವಾದ ಮಾಡಿಸಿಕೊಂಡ. ಅಷ್ಟಾದರೂ ಅದು ಮೂಡಿಗೆರೆ ಮುಟ್ಟುವುದರೊಳಗೆ ಮತ್ತೆ ಮತ್ತೆ ನಿಂತಿತು. “ಬಸ್ಸು ನಮ್ಮ ಸಾಹುಕಾರ್ರದ್ದು, ಹಿಂದೂ. ಅದಕ್ಕೇ ಹಿಡೀಲಿಲ್ಲ ಅಂತ ಕಾಣುತ್ತೆ” ಎಂದ. ನನಗೆ ಅಲ್ಲಿ ತಡವಾದ ಹೊತ್ತಿನ ಸಂಕಟ. ಅವನಿಗೆ ಈ ತರ್ಕ.

ಮೂಡಿಗೆರೆ

ಮೂಡಿಗೆರೆಯಲ್ಲಿ ಚಿಕ್ಕಮಗಳೂರಿನ ಬಸ್ಸು ಹಿಡಿಯಬೇಕು. ನಮ್ಮ ಮೆಣಸು ಕೊಳ್ಳುವ ಹಸನಬ್ಬ ಬ್ಯಾರಿಗಳ ಅಂಗಡಿಯಲ್ಲಿ ಕೂತೆವು. ಅವರ ತಾಯಿ ಬೀಪಾತುಮ್ಮ ಹನ್ನೊಂದು ಹೆತ್ತವರು. ಸೀತೆಯ ವಿಷಯ ಕೇಳಿದ್ದೇ ತಡ, ಮಸೀದಿಯ ಮುಸ್ಲಿಯಾರರನ್ನು ಕರೆಸಿ ನೀರಿಗೆ ಕುರಾನ್ ಓದಿ ಊದಿಸಿದರು. ಬಾಟ್ಲಿ ಯಾವುದೆಂದು ಮತ್ತೆ ಹೇಳಬೇಕಾಗಿಲ್ಲ.

“ಕೂತು ಕುಡೀಬೇಕು, ಮೂರು ಗುಟುಕು. ಕಾಲಡಿಗೆ ಒಂದು ಹನಿ ಬೀಳಬಾರ್ದು” ಎಂದರು ಬೀಪಾತುಮ್ಮ. ಆಮೇಲೆ ಬುಟ್ಟಿಯೊಳಗೆ ಇಣುಕಿ, ಉಳಿದ ಮೂರನ್ನು ನೋಡಿ, ಎಲ್ಲಿ ಕೂರಿಸುವುದೆಂದು ಯೋಚಿಸಿದರು. “ಇದು ಪಶ್ಚಿಮದ ಮೂಲೆಯಲ್ಲಿರ್ಲಿ, ಮಕ್ಕಾದ ಕಡೆಗೆ.”

ಅಂಗಡಿಯಲ್ಲಿ ಪಶ್ಚಿಮ ಎಲ್ಲಿದೆಯೆಂದು ಹೇಳುವುದು ಸುಲಭ. ಆದರೆ ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಹೋಗುವ ರಸ್ತೆ ಹಾವು ಸತ್ತು ಬಿದ್ದ ಹಾಗಿದೆ. ಬಸ್ಸು ತಿರುಗಿದ ಹಾಗೆಲ್ಲ ಬುಟ್ಟಿಯ ಪಶ್ಚಿಮವೂ ತಿರುಗುತ್ತಿತ್ತು. ಮಂಜಪ್ಪ ಹಿಂದಿನ ಸೀಟಿನಿಂದ ಸೂರ್ಯನನ್ನು ನೋಡಿ, “ಅತ್ತಿಗೆ, ಎಡಕ್ಕೆ” ಎನ್ನುವುದು, ನಾನು ಬುಟ್ಟಿ ತಿರುಗಿಸುವುದು; “ಅತ್ತಿಗೆ, ಪೂರ್ತಿ ಹಿಂದಕ್ಕೆ” ಎನ್ನುವುದು, ನಾನು ತಿರುಗಿಸುವುದು. ಪಕ್ಕದಲ್ಲಿದ್ದ ಗೋಣಿಬೀಡಿನ ಮುದುಕರೊಬ್ಬರು ಬಹಳ ಹೊತ್ತು ನೋಡಿ, “ಮೊಸರು ಕಡೀತಿದೀರಾ ತಾಯಿ?” ಎಂದು ಕೇಳಿದರು. ನನಗೆ ಸಿಟ್ಟು ಬಂತು. ಮಗಳು ಉಳಿಯುತ್ತಾಳೆಂದು ಹೇಳಿದರೆ ನಾನು ಬುಟ್ಟಿಯನ್ನಲ್ಲ, ಬಸ್ಸನ್ನೇ ತಿರುಗಿಸಲು ತಯಾರಿದ್ದೆ.

ಚಿಕ್ಕಮಗಳೂರು

ರಾತ್ರಿ ಉಳಿದದ್ದು ನನ್ನ ಸೋದರಮಾವನ ಮಗ ರಂಗಪ್ಪ ಭಾವನ ಮನೆಯಲ್ಲಿ. ಹೆಡ್ಮಾಸ್ಟರಾಗಿ ನಿವೃತ್ತನಾದವನು. ದೇವರು ದಿಂಡರು ಎಂದರೆ ಅವನಿಗೆ ಆಗದು. ಬುಟ್ಟಿಯನ್ನು ತೂಗುಯ್ಯಾಲೆಯ ಸರಪಳಿಗೆ ಕಟ್ಟಿದ್ದು ನೋಡಿಯೇ ಶುರು ಮಾಡಿದ.

“ನೀರಿನಲ್ಲಿ ಶಕ್ತಿ ಇರೋದಿಲ್ಲಮ್ಮ, ಕ್ರಿಮಿ ಇರುತ್ತೆ. ನಾಲ್ಕು ಬಾಟ್ಲಿ ಕ್ರಿಮಿ ಹೊತ್ಕೊಂಡು ಸಮುದ್ರ ದಾಟ್ತಾ ಇದ್ದೀಯ.”

ಬೆಳಿಗ್ಗೆ ಎದ್ದು ನೋಡಿದರೆ ಭಾವ ಮೂಗಿಗೆ ಪಂಚೆಯ ತುದಿ ಕಟ್ಟಿಕೊಂಡು ಒಲೆಯ ಮುಂದೆ ನಿಂತಿದ್ದಾನೆ. ನೀರನ್ನು ಮರಳಿಸಿ, ಆರಿಸಿ, ಮತ್ತೆ ಮರಳಿಸಿ, ಬೇಯಿಸಿದ ಬಟ್ಟೆಯಲ್ಲಿ ಸೋಸುತ್ತಿದ್ದ. ಹೆಂಡತಿ ಒಲೆಯ ಹತ್ತಿರ ಬರಲು ನೋಡಿದಾಗ “ದೂರ, ದೂರ” ಎಂದ. ಕಳಸದ ಭಟ್ಟರೂ ಅಷ್ಟು ಮಡಿ ಮಾಡಿರಲಿಲ್ಲ.

“ಹೆರಿಗೆ ಹೊತ್ತಲ್ಲಿ ಬಾಣಂತಿಗೆ ಕುಡಿಯೋಕೆ ಇದೊಂದೇ ಕೊಡು” ಎಂದು ಬಾಟ್ಲಿಯನ್ನು ಕೊಟ್ಟ. “ಬಾಯಿ ತಾಗಿಸ್ಬಾರ್ದು. ಗಾಳಿ ಆಡೋ ಜಾಗದಲ್ಲಿ ಬಿರಟೆ ತೆಗೀಬಾರ್ದು. ಕೈ ತೊಳೀದೆ ಮುಟ್ಟಬಾರ್ದು. ಇಷ್ಟು ಕಷ್ಟಪಟ್ಟಿದ್ದೀನಿ, ಚೆಲ್ಲಿಬಿಟ್ಟೀಯ.”

ಉಳಿದವರದು ಕಾಲು ಬಾಟ್ಲಿ, ಇವನದು ಕಂಠಪೂರ್ತಿ. ಐದೂ ಒಂದೇ ಥರ ಇದ್ದುದರಿಂದ ಮಂಜಪ್ಪ ಕುತ್ತಿಗೆಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿದ. ಕಡೂರಿನಲ್ಲಿ ರೈಲು ಹತ್ತಿದ ಮೇಲೆ ಸಿಗಡಿ ಚೀಲ ಅವನೊಡನೆ ಬೇರೆ ಡಬ್ಬಿಗೆ ಹೋಯಿತು. ನನ್ನ ಮಡಿಲು ಬುಟ್ಟಿಯ ಭಾರಕ್ಕೆ ಮರಗಟ್ಟಿ ಹೋಗಿತ್ತು. ಕಿಟಕಿಯಾಚೆ ಎಂಥೆಂಥ ಊರು ಹೋದವೋ, ದೇವರೇ ಬಲ್ಲ.

ಮಂಟಪಂ

ಸಿಂಹಳಕ್ಕೆ ಹೋಗುವ ಜನರನ್ನು ಮಂಟಪಂನಲ್ಲಿ ಇಳಿಸಿ, ರೋಗ ಇದೆಯೇ ಎಂದು ನೋಡುತ್ತಿದ್ದರು. ಬಿಸಿಲು, ಮರಳು, ಉದ್ದುದ್ದ ಶೆಡ್ಡುಗಳು. ಚುಚ್ಚುತ್ತಾರೆ, ನಾಲಿಗೆ ಹೊರಗೆ ಹಾಕಿಸುತ್ತಾರೆ. ಬಟ್ಟೆ ಬರೆಯನ್ನೆಲ್ಲ ಒಂದು ದೊಡ್ಡ ಯಂತ್ರದಲ್ಲಿ ಹಾಕಿ, ನಾವು ಕಡುಬು ಬೇಯಿಸುವ ಹಾಗೆ ಆವಿಯಲ್ಲಿ ಬೇಯಿಸುತ್ತಾರೆ. ನನ್ನ ಬುಟ್ಟಿಯನ್ನೂ ಕಿತ್ತುಕೊಂಡರು. ಬಾಟ್ಲಿಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಬಣ್ಣದ ದಾರಗಳನ್ನು ಬಿಚ್ಚಿ, ಬುಟ್ಟಿಯ ಜೊತೆ ಅವನ್ನೂ ಬೇಯಲು ಕಳಿಸಿದರು. ಈಗ ಯಾವುದು ಭಟ್ಟರದು, ಯಾವುದು ಬೀಪಾತುಮ್ಮನದು ಎಂದು ಹೇಳಲು ಬ್ರಹ್ಮನಿಗೂ ಆಗದು.

ಆಗ ಮಂಜಪ್ಪ ತಮಿಳಿನಲ್ಲಿ ಮಾತಾಡಲು ಮುಂದೆ ಹೋದ. ಪಾಪ, ಅವನ ತಮಿಳೆಲ್ಲ ತೋಟದಲ್ಲಿ ಕಲಿತದ್ದು. ಆಳುಗಳನ್ನು ಎಬ್ಬಿಸುವುದು, ಓಡಿಸುವುದು, ಗದರುವುದು, ಅಷ್ಟು ಬಿಟ್ಟು ಬೇರೆ ಮಾತೇ ಅವನಿಗೆ ಗೊತ್ತಿರಲಿಲ್ಲ. ಎರಡೂ ಕೈ ಜೋಡಿಸಿ, ಬಗ್ಗಿ, ಬಹಳ ವಿನಯದಿಂದ ಅಲ್ಲಿಯ ಡಾಕ್ಟರಿಗೆ “ಡೇ, ಸೀಕ್ರಂ ವೇಲೆ ಪಾರ್” ಎಂದ. ಲೇ, ಬೇಗ ಕೆಲಸ ನೋಡು ಎಂದು ಅದರ ಅರ್ಥ.

ಡಾಕ್ಟರು ಕನ್ನಡಕ ತೆಗೆದರು. ಬೆಂಗಳೂರಿನಲ್ಲಿ ಓದಿದವರಂತೆ, ಚೆನ್ನಾಗಿಯೇ ಕನ್ನಡ ಬರುತ್ತಿತ್ತು. ಮಂಜಪ್ಪನ ಕಡೆ ಮತ್ತೆ ನೋಡಲೇ ಇಲ್ಲ. ನನ್ನನ್ನೇ ಕೇಳಿದರು.

“ಇದೇನಮ್ಮ, ವಿಸ್ಕಿಯಾ?”

“ತೀರ್ಥ.”

“ಐದೂನಾ?”

“ನಾಲ್ಕು ತೀರ್ಥ. ಒಂದು ಕುದಿಸಿದ ನೀರು.”

“ಕಾಲರಾ ಕಾಲ. ಹೊರಗಿನ ನೀರು ಬಿಡೋ ಹಾಗಿಲ್ಲ. ಕುದಿಸಿದ್ದು ಬೇಕಾದ್ರೆ ತಗೊಂಡ್ಹೋಗಿ. ಯಾವುದದು?”

ನಾನು ಐದನ್ನೂ ನೋಡಿದೆ. ಗಂಧೋದಕ ಕದಡಿರಬೇಕಿತ್ತು, ರೈಲಿನ ಕುಲುಕಾಟಕ್ಕೆ ಎಲ್ಲವೂ ಕದಡಿದ್ದವು. ಕಂಠಪೂರ್ತಿ ಇದ್ದದ್ದು ಭಾವನದು ಎನ್ನಲು, ದಾರಿಯಲ್ಲಿ ಬಿರಟೆ ಸೋರಿ ಅದೂ ಕಾಲು ಬಾಟ್ಲಿಗೆ ಇಳಿದು, ನನ್ನ ಸೀರೆ ಒದ್ದೆ ಮಾಡಿಬಿಟ್ಟಿತ್ತು.

“ಗೊತ್ತಿಲ್ಲ” ಎಂದೆ.

“ಹಾಗಾದ್ರೆ ಎಲ್ಲಾನೂ ಹೊರಗೆ ಮರಳಿಗೆ ಚೆಲ್ಲಿ.”

ಕೊಟ್ಟವರೆಲ್ಲರ ಮುಖ ಕಣ್ಣ ಮುಂದೆ ಬಂತು. ಕುಡಿಸುವುದೋ, ಹಚ್ಚುವುದೋ, ಚಿಮುಕಿಸುವುದೋ, ಏನೇ ಇರಲಿ, ನೆಲಕ್ಕೆ ಚೆಲ್ಲು ಎಂದು ಒಬ್ಬರೂ ಹೇಳಿರಲಿಲ್ಲ. ಮಗಳ ಪಾಲಿನ ಆಶೀರ್ವಾದವನ್ನು ಕಾಲಡಿಗೆ ಚೆಲ್ಲಿ ಅವಳ ಮುಖ ಹೇಗೆ ನೋಡಲಿ? ಯೋಚಿಸುತ್ತ ನಿಂತರೆ ಕಿತ್ತುಕೊಂಡಾರು ಎಂದು ಮೊದಲ ಬಾಟ್ಲಿ ಎತ್ತಿ ಕುಡಿದುಬಿಟ್ಟೆ. ಎರಡನೆಯದನ್ನೂ ಕುಡಿದೆ. ಡಾಕ್ಟರು ಎದ್ದು ಮೇಜು ಸುತ್ತಿ ಬರುವುದರೊಳಗೆ ಐದೂ ಮುಗಿದಿದ್ದವು. ಆಶ್ಚರ್ಯವೆಂದರೆ ಕುಡಿದ ಮೇಲೆ ಯಾವುದು ಯಾರದೆಂದು ಸ್ಪಷ್ಟವಾಗಿ ತಿಳಿಯಿತು. ಒಂದು ತುಳಸಿ, ಒಂದು ಗಂಧ, ಪಾದ್ರಿಗಳದು ಸ್ವಲ್ಪ ಉಪ್ಪು, ಬೀಪಾತುಮ್ಮನದು ಮೂಡಿಗೆರೆಯ ಬಾವಿಯ ಸಿಹಿ. ವಿಸ್ಕಿಯ ನಾತ ಗಟ್ಟಿಯಾಗಿ ಹೊಡೆಯುತ್ತಿದ್ದದ್ದು ಒಂದೇ, ಭಾವ ಮರಳಿಸಿ ಶುದ್ಧ ಮಾಡಿದ್ದು.

ಗೊತ್ತಿಲ್ಲದ ಐದು ನೀರು ಹೊಟ್ಟೆಗೆ ಹಾಕಿಕೊಂಡವಳನ್ನು ಹಡಗಿಗೆ ಬಿಡಲಾಗದೆಂದು ಡಾಕ್ಟರು ಹೇಳಿದರು. ಕಾಲರಾ ಇಲ್ಲವೆಂದು ಖಾತ್ರಿಯಾಗುವ ತನಕ ಬೇರೆ ಶೆಡ್ಡು. ಅಲ್ಲಿಂದ ಹಡಗುಕಟ್ಟೆಗೆ ರೈಲು ಹೋಗುವ ಸದ್ದು ಕೇಳಿಸುತ್ತಿತ್ತು. ನನ್ನ ಆತುರದ ಬುದ್ಧಿಗೆ, ಬಾಟ್ಲಿ ಮಾರಿದ ಬಟ್ಲರಿಗೆ, ಒಂದೇ ವಿಸ್ಕಿ ಕುಡಿದ ದೊರೆಗೆ, ಎಲ್ಲರಿಗೂ ಶಾಪ ಹಾಕಿದೆ.

ಮಂಜಪ್ಪನಿಗೆ ಬೇರೆಯೇ ದಿಗಿಲು. ಬೇಲಿಯಾಚೆ ನಿಂತು ಮೆಲ್ಲಗೆ ಕೇಳಿದ. “ಅತ್ತಿಗೆ, ಅದೆಲ್ಲ ಹೆರಿಗೆ ಆಗ್ಲಿ ಅಂತ ಮಂತ್ರಿಸಿದ್ದು. ಈಗ ನಿಮಗೇ ಏನಾದ್ರೂ ಆಗ್ಬಿಟ್ರೆ ಅಣ್ಣಂಗೆ ನಾನು ಎಂತ ಹೇಳ್ಲಿ?”

“ತೊಲಗು ಮಾರಾಯ” ಎಂದೆ.

ನಾನು ತೀರ್ಥ ಕುಡಿದ ಸಂಗತಿಯನ್ನು ಅವನು ತನ್ನ ತಮಿಳಿನಲ್ಲಿ ಇನ್ನಾರಿಗೆ ಹೇಳಿದನೋ. ಮಾರನೆಯ ದಿನ ಒಬ್ಬ ಬಸುರಿ ಬಂದು ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಟೀ ತೋಟಕ್ಕೆ ಹೋಗುತ್ತಿದ್ದ ಕೂಲಿಯವಳು. ಅವಳ ಹಿಂದೆ ಇನ್ನೊಬ್ಬಳು. ನಾಲ್ಕು ದೇವರ ನೀರು ಕುಡಿದ ಅಮ್ಮ ಎಂದು ಶೆಡ್ಡಿನ ಮುಂದೆ ಸಾಲು ನಿಂತಿತು. ಬಸುರಿಲ್ಲದವರೂ ಬಂದರು, ಹಲ್ಲುನೋವಿನವರೂ ಬಂದರು. ಬೇಡವೆಂದರೆ ಅಳುತ್ತಾರೆ. ನನ್ನ ಮಗಳ ಹೊಟ್ಟೆ ಸವರಬೇಕಾಗಿದ್ದ ಕೈ ಊರವರ ಹೊಟ್ಟೆ ಸವರುತ್ತಾ ಕೂತಿತ್ತು. ನಾನೂ ಅಳುತ್ತಿದ್ದೆ. ಅದನ್ನು ನೋಡಿ ಅವರಿಗೆ ಭಕ್ತಿ ಇನ್ನೂ ಹೆಚ್ಚಾಯಿತು.

ಕೊನೆಗೆ ಒಂದು ಸಂಜೆ ಪಕ್ಕದ ಬಾಗಿಲಿನಿಂದ ಡಾಕ್ಟರೇ ಬಂದರು, ಹಿಂದೆ ಅವರ ಹೆಂಡತಿ. ತುಂಬು ಬಸುರಿ. ಡಾಕ್ಟರು ಗೋಡೆಯ ಕಡೆ ನೋಡುತ್ತಾ, “ಇವಳು ಕೇಳೋದಿಲ್ಲ, ಹೆದ್ರಿಕೊಂಡಿದಾಳೆ” ಎಂದರು.

“ನನ್ನ ಮಗಳೂ ಅಲ್ಲಿ ಹೆದ್ರಿಕೊಂಡೇ ಇದಾಳೆ” ಎಂದೆ. ಮುಟ್ಟುವುದಿಲ್ಲ ಎಂದು ಕೈ ಕಟ್ಟಿ ಕೂತೆ. ಆದರೆ ಆ ಹುಡುಗಿಗೆ ಸೀತೆಯದೇ ವಯಸ್ಸು, ಕಾಲು ಬಾತಿದ್ದವು, ನಿಲ್ಲಲಾರದೆ ಬಾಗಿಲು ಹಿಡಿದುಕೊಂಡಿದ್ದಳು. ಎಷ್ಟು ಹೊತ್ತು ಸಿಟ್ಟು ಮಾಡಲಿ? ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ತಲೆ ಸವರಿ, ಸುಖವಾಗಿ ಹೆತ್ತುಕೋ ಮಗಳೇ ಎಂದೆ. ಅವಳಿಗೆ ಕನ್ನಡ ಬಾರದು. ತಲೆಯಾಡಿಸಿದಳು. ಮರುದಿನ ಬೆಳಿಗ್ಗೆ ನನಗೆ ಕಾಲರಾ ಇಲ್ಲವೆಂದು ಡಾಕ್ಟರು ರುಜು ಹಾಕಿದರು.

ಸಿಂಹಳ

ಹಡಗಿನಲ್ಲಿ ವಾಂತಿಯಾಗಲಿಲ್ಲ. ಆಚೆ ದಡದ ರೈಲಿನಲ್ಲಿ ಸಿಂಹಳದ ಮುದುಕಿಯೊಬ್ಬಳು, ನಾನು ಏನೂ ಹೇಳದಿದ್ದರೂ, ತನ್ನ ಬೌದ್ಧ ಗುಡಿಯ ಬಿಳಿ ನೂಲನ್ನು ನನ್ನ ಮುಂಗೈಗೆ ಕಟ್ಟಿದಳು. ನನ್ನ ಮುಖ ಹಾಗಿತ್ತೆಂದು ಕಾಣುತ್ತದೆ. ಟೀ ಗುಡ್ಡಗಳನ್ನು ಕಂಡು ಮಂಜಪ್ಪ, “ಒಂದು ನೆರಳಿನ ಮರ ಇಲ್ಲ ಅತ್ತಿಗೆ, ಇದೆಂಥ ತೋಟ” ಎಂದು ಹೊಟ್ಟೆ ಉರಿದುಕೊಂಡ. ನಮ್ಮ ತೋಟದಲ್ಲಿ ಮನೆ ಹುಡುಕಬೇಕು, ಅಲ್ಲಿ ಮನೆಗಳೆಲ್ಲ ಬೋಳು ಗುಡ್ಡದ ಮೇಲೆ ದೂರದಿಂದಲೇ ಕಾಣುತ್ತಿದ್ದವು. ಹಾಗಾಗಿ ಅಳಿಯ ಬಾಗಿಲಲ್ಲಿ ನಿಂತು ನಗುತ್ತಿದ್ದದ್ದೂ ದೂರದಿಂದಲೇ ಕಾಣಿಸಿತು.

“ಮೊನ್ನೆ ಆಯ್ತು ಅತ್ತೆ. ಹೆಣ್ಣು. ಇಬ್ರೂ ಚೆನ್ನಾಗಿದಾರೆ.”

ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಸಂತೋಷಕ್ಕೇ ಅತ್ತೆ, ಸುಳ್ಳಲ್ಲ. ಆದರೆ ಅದು ಮುಗಿದ ಮೇಲೂ ಅಳು ನಿಲ್ಲಲಿಲ್ಲ. ಒಂದು ಹನಿ ತೀರ್ಥವಿಲ್ಲದೆ, ಎಸ್ಟೇಟಿನ ಸೂಲಗಿತ್ತಿಯ ಕೈಯಲ್ಲಿ, ಎಲ್ಲವೂ ಸಲೀಸಾಗಿ ಆಗಿಹೋಗಿತ್ತು. ಹಾಗಾದರೆ ನಾನು ಯಾತಕ್ಕೆ ಬಂದೆ? ಕಳಸದಿಂದ ಇಲ್ಲಿಯ ತನಕ ಹೊತ್ತು ತಂದದ್ದೇನು? ಮಗಳ ಮನೆ ಬಾಗಿಲಲ್ಲಿ ನೆಂಟರ ಹಾಗೆ ಕೂತಿದ್ದೇನೆ ಅನಿಸಿತು.

ಅಳಿಯ ತಗ್ಗಿದ ದನಿಯಲ್ಲಿ ದೂರು ಹೇಳಿದ. “ಬಾಣಂತಿ ನೀರು ಹಾಕೋಕೆ ಬಂದವ್ರನ್ನೆಲ್ಲ ಅಟ್ಟಿಬಿಟ್ಟಿದಾಳೆ ಅತ್ತೆ. ಸೂಲಗಿತ್ತಿಗೂ ಬಿಟ್ಟಿಲ್ಲ. ಮೈ ಒರೆಸಿಕೊಂಡೇ ಇದಾಳೆ. ಕೇಳಿದ್ರೆ ಬಾಗಿಲು ಕಡೆ ನೋಡ್ತಾಳೆ.”

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೆ. ಹಂಡೆಗೆ ನೀರು ತುಂಬಿ ಒಲೆ ಹಚ್ಚಿದೆ. ಅಳಿಯ ಹಿಂದೆಯೇ ಬಂದು, ಊರಿನಿಂದ ತಂದ ತೀರ್ಥ ಏನಾದರೂ ಬೆರೆಸಬೇಕೇ ಎಂದು ಕೇಳಿದ. ಮಂಜಪ್ಪ ಕೆಮ್ಮಿದ. ಏನೂ ಇಲ್ಲ, ನಿಮ್ಮ ಹಳ್ಳದ ನೀರೇ ಸಾಕು ಎಂದೆ.

ಸೀತೆ ಬಚ್ಚಲ ಮಣೆಯ ಮೇಲೆ ಕೂತಳು. ಅರ್ಧ ಆಗಿಹೋಗಿದ್ದಳು. ಬೆನ್ನಿಗೆ ಎಣ್ಣೆ ತಿಕ್ಕಿ, ಮೊದಲ ಚೊಂಬನ್ನು ಎತ್ತರದಿಂದ ಬೀಸಿ ಹೊಯ್ದೆ.

“ಅವ್ವ, ಸುಡ್ತದೆ.”

“ಸುಡ್ಲಿ. ಸುಡದಿದ್ರೆ ಸೊಂಟ ಗಟ್ಟಿಯಾಗಲ್ಲ.”

“ನೀ ಬರೋದೇ ಬೇಡಾಗಿತ್ತು” ಎಂದಳು, ಎರಡೂ ಕೈಯಲ್ಲಿ ನನ್ನ ಕಾಲು ಬಿಗಿಯಾಗಿ ಹಿಡಿದುಕೊಂಡು. ನಾನು ಇನ್ನೊಂದು ಚೊಂಬು ಮೊಗೆದೆ.